ಕೋಳಿ ಮೂಳೆಯ ವರದಿ

ದಾಸಪ್ಪನವರ ವಠಾರದ ಇತಿಹಾಸವನ್ನು ಯಾರಾದರೂ ಬರೆಯುವುದಾದರೆ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ದಾಖಲಿಸಬೇಕಾದ ಸಂಗತಿ ಇದು: ಹನುಮೇಶ ಸರಿಯಾಗಿ ನಿದ್ದೆ ಮಾಡಿ ಐದು ತಿಂಗಳಾಗಿತ್ತು.

ಪೀಣ್ಯದ ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಅವನದು ರಾತ್ರಿ ಪಾಳಿ. ಬೆಳಿಗ್ಗೆ ಏಳಕ್ಕೆ ಮಾದನಾಯಕನಹಳ್ಳಿಯ ಬಾಡಿಗೆ ಕೋಣೆಗೆ ಬಂದು ಅವನು ಕಣ್ಣು ಮುಚ್ಚುವುದಕ್ಕೂ, ಕಿಟಕಿಯ ಕೆಳಗೆ ಓನರ್ ದಾಸಪ್ಪನವರ ಹುಂಜ ಗಂಟಲು ಬಿಚ್ಚುವುದಕ್ಕೂ ಸರಿಹೋಗುತ್ತಿತ್ತು. ಸೂರ್ಯ ಹುಟ್ಟಿದ ಸುದ್ದಿಯನ್ನು ಅದು ಟಿವಿ ಚಾನೆಲ್ಲಿನಂತೆ ಮಧ್ಯಾಹ್ನ ಮೂರರವರೆಗೂ ಬ್ರೇಕಿಂಗ್ ಎಂದೇ ಹೇಳುತ್ತಿತ್ತು.

ಈ ಶನಿವಾರ ಮಾತ್ರ ಹನುಮೇಶನ ಜೇಬಿನಲ್ಲೊಂದು ಕಾಗದವಿತ್ತು. ಹಿತ್ತಿಲ ಕೋಳಿಗಳು ದಿನವಿಡೀ ಪಕ್ಕದ ಗುಜರಿಯವನು ಹಳೇ ಬ್ಯಾಟರಿ ಒಡೆಯುವ ಜಾಗದಲ್ಲೇ ಮಣ್ಣು ಕೆದಕುತ್ತಿದ್ದವು. ಹೋದ ವಾರ ಓನರಮ್ಮ ನಾಗಲಕ್ಷ್ಮಮ್ಮ ಕೊಟ್ಟಿದ್ದ ಕೋಳಿಸಾರಿನ ಮೂಳೆಯನ್ನು ಅವನು ಲ್ಯಾಬಿಗೆ ಒಯ್ದು, ಸುಟ್ಟು ಬೂದಿ ಮಾಡಿ, ಪರೀಕ್ಷಿಸಿದ್ದ. ಅನುಮಾನ ನಿಜವಾಗಿತ್ತು.

"ಅಂಕಲ್, ನಿಮ್ಮ ಕೋಳಿ ಮೂಳೇಲಿ ಸೀಸ ಇದೆ."

"ಅಂಗಂದ್ರೆ?" ಎಂದರು ದಾಸಪ್ಪ.

"ಹೊಟ್ಟೆಗೆ ಹೋದ ಸೀಸಾನ ಮೈ ಸುಣ್ಣದಂಶ ಅಂದ್ಕೊಂಡು ಮೂಳೇಲಿ ಇಟ್ಕೊಳುತ್ತೆ. ಅಟ್ಟಕ್ಕೆ ಹಾಕಿದ ಸಾಮಾನಿನ ಥರ. ಸೇರ್ತಾನೇ ಹೋಗುತ್ತೆ, ಇಳಿಯೋದು ಕಮ್ಮಿ."

"ಮೊಟ್ಟೆಗೆ?" ನಾಗಲಕ್ಷ್ಮಮ್ಮ ಎದೆ ಹಿಡಿದುಕೊಂಡರು.

"ಅದಕ್ಕೂ ಒಂಚೂರು ಹೋಗುತ್ತೆ ಆಂಟಿ."

ಮಹಡಿ ಮನೆಯ ವನಜಾ ಮೆಟ್ಟಿಲಿನಿಂದಲೇ ಕೂಗಿದಳು: "ಅದಕ್ಕೇ ಕಣ್ರೀ ನನ್ನ ಮಂಡಿ ನೋವು! ಡಾಕ್ಟ್ರು ಸುಮ್ನೆ ತೂಕ ತೂಕ ಅಂತಾರೆ. ನಮ್ಮುಡುಗ ಗಣಿತದಲ್ಲಿ ಹದಿನಾರು ತಗೊಂಡಿದ್ದೂ ಇದಕ್ಕೇ!"

ಹತ್ತು ಗಂಟೆಗೆ ವಠಾರವೆಲ್ಲ ಅಂಗಳದಲ್ಲಿತ್ತು. ಮದುವೆ ಫೋಟೋದಂತೆ ವರದಿ ಕೈಯಿಂದ ಕೈಗೆ ಹೋಯಿತು. ಹನುಮೇಶ ನಿಂತಲ್ಲೇ ತೂಕಡಿಸುತ್ತ, "ಹಾಗಾದ್ರೆ ಹುಂಜಾನ ಸಾಗಿಸ್ಬಿಡ್ತೀರಾ?" ಎಂದ.

ದಾಸಪ್ಪ ಅವನ ಎರಡೂ ಕೈ ಹಿಡಿದುಕೊಂಡರು. "ಒಳ್ಳೆ ಟೈಮಿಗೆ ಈ ಮಾತ್ ಏಳ್ದೆ ಕಣಪ್ಪ. ನಾಳೆ ಒಸ ಅಳಿಯ ಬತ್ತಾನೆ. ಇದ್ನೇ ಕುಯ್ಯಾನ ಅಂತಿದ್ದೆ."

ಹನುಮೇಶನಿಗೆ ಪೂರ್ತಿ ಎಚ್ಚರವಾಯಿತು.

"ನಾಳೆ? ಅಂಕಲ್, ಮಾಂಸದಲ್ಲಿ ಅಷ್ಟೊಂದಿರಲ್ಲ! ಮೂಳೆ ಬಿಟ್ಟು ತಿಂದ್ರಾಯ್ತು!"

"ಮೂಳೆ ಚೀಪ್ದೆ ಇದ್ಮೇಲೆ ಅದೆಂಥ ಬಾಡೂಟನಪ್ಪ?"

"ಮಾರಿಬಿಡಿ, ಹಾಗಾದ್ರೆ."

"ಥೂ!" ಎಂದಳು ವನಜಾ. "ಊರೋರಿಗೆ ವಿಷ ಮಾರೋದಾ? ಓದಿದೋರು ಆಡೋ ಮಾತಾ ಇದು?"

"ನನಗೆ ಕೊಡಿ. ನಾನೊಬ್ನೇ ತಿಂತೀನಿ!"

ದಾಸಪ್ಪನವರ ಕಣ್ಣಲ್ಲಿ ನೀರಾಡಿತು. "ನಮ್ ಪ್ರಾಣ ಉಳ್ಸಿದೋನು ನೀನು. ನಿಂಗೆ ತಿನ್ಸಿ ಪಾಪ ಕಟ್ಕಳ್ಳಾ? ಅದ್ರ ಪಾಡಿಗದು ಬದುಕ್ಕಳ್ಲಿ ಬಿಡು."

ಸಂಜೆಯೊಳಗೆ ಗುಜರಿಯ ಕಡೆಗೆ ಬೇಲಿ ಹಾಕಿದ್ದಾಯಿತು. ಇನ್ನು ಅತ್ತ ಹೋಗಲಾಗದ ಕೋಳಿಗಳೆಲ್ಲ ಹನುಮೇಶನ ಕಿಟಕಿಯ ಕೆಳಗೇ ಠಿಕಾಣಿ ಹೂಡಿದವು. ತಿನ್ನಲಾಗದ ಮೊಟ್ಟೆಗಳನ್ನು ಎಸೆಯಲು ಮನಸ್ಸು ಬಾರದೆ ನಾಗಲಕ್ಷ್ಮಮ್ಮ ಕಾವಿಗಿಟ್ಟರು.

ಒಂಬತ್ತು ಮರಿಗಳು ಉಳಿದವು. ಬಲಿತ ಮೇಲೆ ನೋಡಿದರೆ ಅದರಲ್ಲಿ ಆರು ಹುಂಜ.