ಅತ್ತೆಯ ಹೊಸ ಟೂಲ್‌ಗಳು

ದೇವದುರ್ಗದಲ್ಲಿ ಬೇರೆ ಯಾರೂ ಆಚರಿಸದ ಒಂದು ಹಬ್ಬವನ್ನು ನನ್ನ ಸೋದರತ್ತೆ ಆಚರಿಸುತ್ತಾಳೆ. ಪಂಚಾಂಗದಲ್ಲಿ ಹುಡುಕಬೇಡಿ, ಸಿಗುವುದಿಲ್ಲ! ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ವರ್ಷಕ್ಕೊಮ್ಮೆ ಸಮ್ಮೇಳನ ನಡೆಸಿ, ಪ್ರೋಗ್ರಾಂ ಬರೆಯುವವರಿಗಾಗಿ ಹೊಸ ಟೂಲ್‌ಗಳನ್ನೂ ಕ್ಲೌಡ್ ಸೇವೆಗಳನ್ನೂ ಘೋಷಿಸುತ್ತವಲ್ಲ, ಅದೇ ಅವಳ ಹಬ್ಬ. ಅವತ್ತು ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು, ಇಸ್ತ್ರಿ ಮಾಡಿದ ಸೀರೆ ಉಟ್ಟು ಲ್ಯಾಪ್‌ಟಾಪ್ ಮುಂದೆ ಕೂತಳೆಂದರೆ ಮುಗಿಯಿತು. ಮನೆಗೆ ಬಂದವರಿಗೆ ನಿನ್ನೆಯ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯೇ ಗತಿ.

ಹಾಗಂತ ಅವಳೇನು ಇಂಜಿನಿಯರ್ ಅಲ್ಲ. ಮಾನ್ವಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಅರವತ್ತು ದಾಟಿದ ಮೇಲೆ ವಿಡಿಯೋ ನೋಡಿ ಪ್ರೋಗ್ರಾಮಿಂಗ್ ಕಲಿತಳು. ಯಾಕೆ ಎಂದು ಕೇಳಿದರೆ, "ಖಾಲಿ ಕುಂತು ಏನ್ ಮಾಡ್ಲಿ ಅಳಿಯಾ?" ಎನ್ನುತ್ತಿದ್ದಳು. ನಾನೂ ನಂಬಿದ್ದೆ.

ಒಂದು ವರ್ಷ, ಅವಳು ಬಳಸುತ್ತಿದ್ದ ಟೂಲೊಂದನ್ನು ನಿಲ್ಲಿಸುತ್ತೇವೆಂದು ಸಮ್ಮೇಳನದಲ್ಲೇ ಸಾರಿಬಿಟ್ಟರು. ಅತ್ತೆ ಮುಖ ಸಣ್ಣದು ಮಾಡಿಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ನಾನೂ ಅಲ್ಲೇ ಇದ್ದೆ. ಪಕ್ಕದ ಮನೆಯ ಮುದುಕಿ ಬಂದಳು.

"ಯಾಕವ್ವಾ, ಏನಾತು?"

"ಹೋತು ಬೇ ಯವ್ವಾ. ಬರೇ ಮೂರು ವರ್ಷದ್ದು. ಎಷ್ಟು ಛಂದ ಓಡತಿತ್ತು!"

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಯ್ಯೋ ಶಿವನೇ, ಜ್ವರ ಬಂದಿತ್ತೇನು?"

"ಇಲ್ಲ ಬೇ, ಕಂಪನಿಯವ್ರೇ ಬಂದ್ ಮಾಡಿದ್ರು."

ಆಗ ಆ ಮುದುಕಿ ನನ್ನ ಕಡೆ ನೋಡಿದ ನೋಟವನ್ನು ಹೇಗೆ ವರ್ಣಿಸಲಿ!

ಹೊಸ ಟೂಲ್ ಬಳಸಬೇಕಾದರೆ ಫಾರಂ ತುಂಬಬೇಕು. ಸಂಸ್ಥೆಯಲ್ಲಿ ನಿಮ್ಮ ಹುದ್ದೆ? "ಎಲ್ಲಾ" ಎಂದು ಬರೆದಳು. ಮರುವಾರ ಕಂಪನಿಯಿಂದ ಫೋನ್ ಬಂತು. ತಾಂತ್ರಿಕ ವಿಭಾಗದ ಮುಖ್ಯಸ್ಥರ ಜೊತೆ ಮಾತಾಡಬೇಕಂತೆ. "ಒಂದೆರಡು ಮಿನಿಟ್ ತಡೀರಿ," ಎಂದಳು ಅತ್ತೆ, "ಅವರು ಬ್ಯಾಳಿಗಿ ಒಗ್ಗರಣಿ ಹಾಕಾಕತ್ತಾರ."

ಹೋದ ವರ್ಷ ಅಂಥದೇ ಸಮ್ಮೇಳನದ ಹೊಸ ಟೂಲ್‌ಗಳನ್ನು ತೋರಿಸುವ ಕಾರ್ಯಕ್ರಮ ನಾನಿರುವ ರಾಯಚೂರಿನ ಕಾಲೇಜೊಂದರಲ್ಲಿ ನಡೆಯಿತು. ಅತ್ತೆ ಬೆಳಗಿನ ಬಸ್ಸಿಗೇ ಬಂದಿಳಿದಳು. ದಾರಿಯಲ್ಲಿ ಕಲ್ಮಲ ದಾಟುವಾಗಲೇ ಫೋನ್ ಮಾಡಿ, "ಮುಂದಿನ ಸಾಲಿನಾಗ ಜಾಗ ಹಿಡಿ" ಎಂದಿದ್ದಳು. ಹಿಡಿದೆ. ಸಭಾಂಗಣದ ತುಂಬ ಇಪ್ಪತ್ತರ ಹುಡುಗ ಹುಡುಗಿಯರು. ನಡುವೆ ಅತ್ತೆ, ಅವಳ ನೋಟ್‌ಬುಕ್ಕು, ಮುಜುಗರದಲ್ಲಿ ಮುದುಡಿದ ನಾನು.

ಮಾತನ್ನು ಅಕ್ಷರವಾಗಿಸುವ ಹೊಸ ಸೇವೆಯನ್ನು ತೋರಿಸುತ್ತಿದ್ದ ತರುಣಿ, "ಯಾರಾದರೂ ಮಾತಾಡಿ ನೋಡ್ತೀರಾ?" ಎಂದಳು. ಮೊದಲು ಎದ್ದವರು ಯಾರು? ಹೇಳಬೇಕೇ! ಅತ್ತೆ ಮೈಕ್ ಹಿಡಿದು, "ನಾ ಮನಿಗಿ ಹೊಂಟೀನಿ" ಎಂದಳು. ಪರದೆಯ ಮೇಲೆ "ನಮಗೆ ಹುಣಸೆಹಣ್ಣು" ಎಂದು ಮೂಡಿತು. ಸಭಾಂಗಣವೆಲ್ಲ ನಕ್ಕಿತು. ನಕ್ಕವರಲ್ಲಿ ನಾನೂ ಒಬ್ಬ.

"ನಾ ಸರಿಯಾಗೇ ಮಾತಾಡೀನಿ. ಇದಕ್ಕ ಕಿವಿ ಕೇಳಂಗಿಲ್ಲ," ಎಂದಳು ಅತ್ತೆ. ಮತ್ತೊಮ್ಮೆ ನಗು. ಆದರೆ ಅವಳು ಮೈಕ್ ಕೊಡಲಿಲ್ಲ. "ಹೋಗ್ಲಿ ಬಿಡವ್ವಾ. ನಾಲಿಗಿ ಹೊರಳಲಾರದೋರ ಮಾತು ಇದಕ್ಕ ಕಲಿಸಾಕ ಬರತದೇನು? ಒಬ್ಬರದೇ ಧ್ವನಿ ಸಾಕು."

ಆ ತರುಣಿಯ ನಗು ನಿಂತಿತು. "ಬರುತ್ತೆ ಮೇಡಂ. ಈ ವರ್ಷದ್ದೇ ಹೊಸದು. ಅವರ ಮಾತನ್ನ ರೆಕಾರ್ಡ್ ಮಾಡಿ, ಅವರು ಏನಂದ್ರು ಅಂತ ಜೊತೆಗೆ ಬರೆದುಕೊಡಬೇಕು. ತುಂಬಾ ಬೇಕಾಗುತ್ತೆ."

"ಅದಾವು," ಎಂದಳು ಅತ್ತೆ. "ಎರಡು ವರ್ಷದಿಂದ ಕೂಡಿಸಿಟ್ಟೀನಿ."

ಆ ಒಬ್ಬರ ಧ್ವನಿ ಯಾರದೆಂದು ನನಗೆ ಆಗ ಹೊಳೆಯಿತು. ಅವಳ ಗಂಡ, ಅಂದರೆ ನನ್ನ ಮಾವ, ಬಸ್ ಕಂಡಕ್ಟರ್ ಆಗಿದ್ದವನು. "ಪೋತ್ನಾಳದೋರು ಬಾಗಲಿಗೆ ಬರ್ರಿ!" ಎಂದು ಕೂಗಿದರೆ ನಿದ್ದೆ ಹೋದವರೂ ಎದ್ದು ನಿಲ್ಲಬೇಕು, ಅಂಥ ಕಂಠ. ಅದಕ್ಕೂ ಮೂರು ವರ್ಷದ ಹಿಂದೆ ಲಕ್ವಾ ಹೊಡೆದು ಕೈಕಾಲು ಸುಧಾರಿಸಿದರೂ ಮಾತು ಮಾತ್ರ ಮುದ್ದೆಯಾಗಿ ಉಳಿಯಿತು. ಅದು ಅರ್ಥವಾಗುತ್ತಿದ್ದುದು ಅತ್ತೆಯೊಬ್ಬಳಿಗೇ. ಅವಳು ಸಂತೆಗೆ ಹೋದರೆ ಮಾವ ಬಾಯಿ ಮುಚ್ಚಿಕೊಂಡು ಕೂತಿರುತ್ತಿದ್ದ. ಇದೆಲ್ಲ ನನಗೆ ಗೊತ್ತಿತ್ತು. ಅತ್ತೆಯ ಹುಚ್ಚೂ ಗೊತ್ತಿತ್ತು. ಎರಡನ್ನೂ ಜೋಡಿಸಿ ನೋಡುವ ಬುದ್ಧಿ ಮಾತ್ರ ಬಂದಿರಲಿಲ್ಲ.

ಹೊರಗೆ ಬಂದ ಮೇಲೆ, "ಯಾಕತ್ತಿ, ಹೇಳಲೇ ಇಲ್ಲಲ್ಲ?" ಎಂದೆ.

"ಆಗಲಿಲ್ಲಂದ್ರ? ಅವರಿಗಿ ಆಸಿ ಹಚ್ಚಿ ಮತ್ತ ಕಸಗೊಳ್ಳಲೇನು?" ಎಂದು ಅವಳು ಬಸ್ ಹತ್ತಿದಳು.

ಎರಡು ತಿಂಗಳು ಕಳೆದು ದೇವದುರ್ಗಕ್ಕೆ ಹೋದೆ. ಅತ್ತೆ ಹಿತ್ತಲಲ್ಲಿದ್ದಳು. ಮಾವ ಕುರ್ಚಿಯಲ್ಲಿ ಕೂತಿದ್ದ, ಎದುರಿನ ಸ್ಟೂಲ್ ಮೇಲೆ ಫೋನು. ನನ್ನನ್ನು ನೋಡಿ ಏನೋ ಅಂದ. ಇಂಥಾ ಹೊತ್ತಿನಲ್ಲಿ ಮೂರು ವರ್ಷದಿಂದ ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದೆ: ನಕ್ಕು, ತಲೆಯಾಡಿಸಿ, "ಹೂಂ ಮಾವಾ" ಎಂದೆ.

ಮಾವ ಫೋನಿನತ್ತ ಬೆರಳು ಮಾಡಿದ. ಅವನು ಮೊದಲು ಅಂದದ್ದು ಅಲ್ಲಿ ಅಕ್ಷರವಾಗಿತ್ತು; ಬಗ್ಗಿ ಓದಿದೆ.

"ತಿಳೀಲಿಲ್ಲಂದ್ರ ತಿಳೀಲಿಲ್ಲ ಅನ್ನು. ಸುಮ್ ಸುಮ್ನ ಹೂಂ ಅನಬ್ಯಾಡ."

ತಲೆ ಎತ್ತಿ ನೋಡಿದೆ. ಮಾವ ಸೊಟ್ಟ ತುಟಿಯಲ್ಲೇ ನಗುತ್ತಿದ್ದ. ಮತ್ತೇನೋ ಅಂದ. ಈ ಸಲ ಫೋನು ತಪ್ಪು ಬರೆಯಿತು, ತಲೆಬುಡ ತಿಳಿಯಲಿಲ್ಲ. ನಾನು ಇನ್ನೊಂದು ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡು ಕೂತೆ.

"ತಿಳೀಲಿಲ್ಲ ಮಾವಾ," ಎಂದೆ. "ಇನ್ನೊಮ್ಮಿ ಹೇಳು."