ಮೂಲೆಯಿಲ್ಲದ ಮನೆ

ಎಲ್ಲಕ್ಕೂ ಕಾರಣ ಒಂದು ಸೌಟು.

ಇಂಡಿ ತಾಲೂಕು ಕಚೇರಿಯ ಕಾರಕೂನ ರೇವಪ್ಪನ ಮನೆಯಲ್ಲಿ ಹತ್ತೊಂಬತ್ತು ಮಂದಿ ಉಣ್ಣುತ್ತಿದ್ದರು. ಎಂಟು ದನಗಳಿದ್ದವು. ಸೌಟು ಮಾತ್ರ ಒಂದೇ, ಮತ್ತು ಅದು ಮೂವತ್ತು ವರ್ಷದಿಂದ ಅತ್ತಿಗೆ ಸಿದ್ದವ್ವನ ಕೈಯಲ್ಲಿತ್ತು. ರೇವಪ್ಪನ ಹೆಂಡತಿ ಚನ್ನವ್ವ ಆ ಮನೆಗೆ ಬಂದು ನಾಲ್ಕು ವರ್ಷ ರೊಟ್ಟಿ ಬಡಿದಳು, ಕಾಳು ಹಸನು ಮಾಡಿದಳು, ನೀರು ಹೊತ್ತಳು, ಸೌಟು ಮುಟ್ಟಿರಲಿಲ್ಲ. ಕಳೆದ ಸೋಮವಾರ ಪುಂಡಿಪಲ್ಲೆ ತಳ ಹತ್ತುತ್ತಿದೆಯಲ್ಲ ಎಂದು ಒಂದೇ ಒಂದು ಸಲ ಕೈಯಾಡಿಸಿದಳು. ಸಿದ್ದವ್ವ ಬಂದು ಸೌಟು ಇಸಿದುಕೊಂಡು, ಸೆರಗಿನಿಂದ ಒರೆಸಿ, ಮತ್ತೆ ಗಡಿಗೆಯಲ್ಲಿ ಹಾಕಿದಳು. ಆ ಒರೆಸಿದ್ದೇ ಎಲ್ಲವನ್ನೂ ಕೆಡಿಸಿತು. ಮಧ್ಯಾಹ್ನದ ಬಸ್ಸಿಗೆ ಚನ್ನವ್ವ ತವರೂರು ಸಿಂದಗಿಗೆ ಹೊರಟು ನಿಂತಳು.

“ನನ್ನ ಕೈಯಾಗ ಸೌಟು ಬರೂವಂಥಾ ಮನಿ ಯಾವಾಗ ಮಾಡ್ತೀರಿ, ಅವತ್ತ ಹೇಳಿ ಕಳಸ್ರಿ. ಅಲ್ಲೀತನಕ ನಾ ಬರಾಂಗಿಲ್ಲ,” ಎಂದಳು. ಅವಳು ಅಂದ ಮಾತಿಗೆ ತಪ್ಪುವವಳಲ್ಲ ಎಂಬುದು ರೇವಪ್ಪನಿಗೆ ಗೊತ್ತಿತ್ತು. ನಾಲ್ಕೇ ದಿನದಲ್ಲಿ ಅವನ ಕೋಟು ಅವನಿಗೇ ದೊಡ್ಡದಾಯಿತು.

ಇಂಥ ಹೊತ್ತಿನಲ್ಲಿ ಅವನ ಕಣ್ಣಿಗೆ ಬಿದ್ದದ್ದು ಸಾಲೋಟಗಿ ರಸ್ತೆಯ ಪರಮಾನಂದರ ಮನೆ.

ಆ ಮನೆಯ ಸಂಗತಿಯನ್ನು ಸಾವಧಾನವಾಗಿ ಹೇಳಬೇಕು. ಪರಮಾನಂದರು ಮುಂಬಯಿಯಲ್ಲಿ ಇಂಜಿನಿಯರರಾಗಿದ್ದು ನಿವೃತ್ತರಾಗಿ ಹುಟ್ಟಿದೂರಿಗೆ ಬಂದವರು. ಜನ್ಮವೆಲ್ಲ ಬೇರೆಯವರ ಚೌಕ ಮನೆ ಕಟ್ಟಿಕೊಟ್ಟು ಬೇಸತ್ತಿದ್ದರೋ ಏನೋ, ತಮಗೆಂದು ದುಂಡನೆಯ ಮನೆ ಕಟ್ಟಿಕೊಂಡರು. ಪೂರ್ತಿ ಸಿಮೆಂಟು. ಗೋಡೆ ದುಂಡು, ಮೇಲೆ ಗುಮ್ಮಟದ ಹಾಗೆ ಚಾವಣಿ, ಒಳಗೆ ಹುಡುಕಿದರೂ ಒಂದು ಮೂಲೆಯಿಲ್ಲ. ಆಳೆತ್ತರದ ಗಾಜಿನ ಕಿಟಕಿಗಳು. ಬಾವಿಗೆ ಎಣ್ಣೆಯ ಇಂಜಿನ್ನು, ನೆತ್ತಿಯ ಮೇಲೆ ನೀರಿನ ಟಾಕಿ. ಮಣ್ಣಿನ ಮಾಳಿಗೆಯ ಕೆಳಗೆ ಹುಟ್ಟಿ, ಬೆಳಕಿಂಡಿಯಿಂದ ಇಳಿದಷ್ಟು ಬೆಳಕಿನಲ್ಲೇ ಬೆಳೆದ ರೇವಪ್ಪ ಆ ಮನೆಯೊಳಗೆ ಮೊದಲ ಸಲ ಕಾಲಿಟ್ಟಾಗ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. ದೇವರ ಗುಡಿಯಲ್ಲೂ ಅವನಿಗೆ ಅಷ್ಟು ಭಯಭಕ್ತಿ ಬಂದದ್ದಿಲ್ಲ.

ಪರಮಾನಂದರು ಜಳಕದ ಕೋಣೆಯಲ್ಲಿ ಗೋಡೆಯ ಮೇಲಿನ ಹಿತ್ತಾಳೆಯ ಕಿವಿ ತಿರುವಿದರು. ತಲೆಯ ಮೇಲಿನ ತೂತಿನ ಬಿಲ್ಲೆಯಿಂದ ಮಳೆ ಸುರಿಯಿತು. ಮೋಡವಿಲ್ಲ, ಗುಡುಗಿಲ್ಲ, ಮನೆಯೊಳಗೆ ಮಳೆ! ರೇವಪ್ಪ ಕೋಟು ಧೋತರ ಸಮೇತ ಅದರಡಿ ನಿಂತು ಬಾಯಿ ತೆರೆದು ಮೇಲೆ ನೋಡುತ್ತಿದ್ದ. ಪರಮಾನಂದರು ಹೊರಗಿನಿಂದ, “ಈ ದುಂಡು ಗ್ವಾಡಿಗೆ ಇನ್ನೊಂದು ಗುಣ ಐತ್ರಿ, ಹೇಳ್ತೇನಿ ಕೇಳ್ರಿ...” ಎಂದು ಏನೋ ವಿವರಿಸಿದರು. ಕಿವಿಯಲ್ಲೂ ನೀರು ತುಂಬಿದ್ದರಿಂದ ಅವನಿಗೆ ಅದೇನೂ ಕೇಳಿಸಲಿಲ್ಲ.

ಇಂಥ ಮನೆಯನ್ನು ಅವರು ಮಾರುವುದಾದರೂ ಏಕೆ? ಕಾರಣ ಅವರ ಹೆಂಡತಿ ಕಾಶಿಬಾಯಿ. ಮನೆಯ ಮುಂದೆ ಕಟ್ಟೆಯಿಲ್ಲ, ಆದ್ದರಿಂದ ಯಾರೂ ಬಂದು ಕೂಡುವುದಿಲ್ಲ, ಮಾತಿಲ್ಲ ಕತೆಯಿಲ್ಲ ಎಂದು ಆಕೆ ಮುಂಬಯಿಗೆ ಮಗನ ಹತ್ತಿರ ಹೋಗಿಬಿಟ್ಟಿದ್ದಳು. ಸಾಮಾನೂ ಹೋಗಿತ್ತು. ಊರವರು ದುಂಡು ಮನೆಗೆ ಹೆದರಿ ಕೊಳ್ಳಲು ಮುಂದೆ ಬರಲಿಲ್ಲವಾಗಿ ಬೆಲೆ ರೇವಪ್ಪನ ಎಟುಕಿಗೂ ಇಳಿದಿತ್ತು.

“ಅಮಾಸಿ ಸಂಜಿಯೊಳಗ ಮಾತು ಕೊಡ್ರಿ. ಮರುದಿನ ನಾ ಗಾಡಿ ಹತ್ತಾಂವ,” ಎಂದಿದ್ದರು ಪರಮಾನಂದರು.

ಹಣ ರೇವಪ್ಪನದೇ. ಆದರೆ ಆ ಮನೆತನದಲ್ಲಿ ಹಿರಿಯಣ್ಣ ಗುರಲಿಂಗಪ್ಪ ಹ್ಞೂಂ ಅನ್ನದೆ ಕಡ್ಡಿಪೆಟ್ಟಿಗೆಯೂ ಒಳಗೆ ಬರುತ್ತಿರಲಿಲ್ಲ. ಕೊಂಡದ್ದೆಲ್ಲ ಹಿರಿಯನ ಹೆಸರಿಗೇ ಆಗಬೇಕು. ರೇವಪ್ಪ ಒಂದು ಉಪಾಯ ಹೂಡಿದ. ಮನೆ ಎಲ್ಲರಿಗಾಗಿ ಎಂದು ಹೇಳಿ ಹ್ಞೂಂ ಅನ್ನಿಸುವುದು. ಆಮೇಲೆ ಹೊಸ ಮನೆಗೆ ಕಾವಲು ಬೇಕೆಂದು ನೆವ ಮಾಡಿ ತಾನೂ ಚನ್ನವ್ವನೂ ಇಬ್ಬರೇ ಹೋಗಿ ಇದ್ದುಬಿಡುವುದು. ಅಣ್ಣ ಹಿಂದೆ ಬರುವ ಭಯವಿಲ್ಲ, ಎತ್ತುಗಳನ್ನು ಬಿಟ್ಟು ಅವನು ಒಂದು ದಿನವೂ ಬೇರೆ ಕಡೆ ಮಲಗಿದವನಲ್ಲ. ಈ ಉಪಾಯದ ಮೇಲೆ ರೇವಪ್ಪನಿಗೆ ಎಷ್ಟು ನಂಬಿಕೆಯೆಂದರೆ, ಅಮಾವಾಸ್ಯೆಯ ಬೆಳಿಗ್ಗೆ ಅಣ್ಣನನ್ನು ಕೇಳುವ ಮೊದಲೇ ಸಿಂದಗಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಚೀಟಿ ಕಳಿಸಿದ: ‘ಮನೆ ಆಯಿತು. ಸೌಟು ನಿನ್ನದೇ. ಸಂಜೆಯ ಬಸ್ಸಿಗೆ ಬಾ.’

ಚೀಟಿ ಹೋದ ಮೇಲೆ ಅವನಿಗೆ ಅದರ ಅಪಾಯ ಹೊಳೆಯಿತು. ಅಣ್ಣ ಒಲ್ಲೆನೆಂದರೆ ಚನ್ನವ್ವ ಬಸ್ಸಿನಿಂದ ಇಳಿದವಳು ಅದೇ ಬಸ್ಸನ್ನು ಮತ್ತೆ ಹತ್ತುತ್ತಾಳೆ, ಆಮೇಲೆ ಯಾವ ಚೀಟಿಯನ್ನೂ ನಂಬುವುದಿಲ್ಲ.

ಗುರಲಿಂಗಪ್ಪ ಜಗಲಿಯ ಮೇಲೆ ಅಮಾವಾಸ್ಯೆಯ ಮಣ್ಣೆತ್ತು ಇಟ್ಟು ಪೂಜೆ ಮುಗಿಸಿ ಎದ್ದಿದ್ದ.

“ಇರೂ ಮನಿಗೆ ಏನ್ ಧಾಡಿ ಬಂದೈತಿಲೇ?” ಎಂದ, ಮಾತು ಕೇಳಿದ ಕೂಡಲೆ.

“ಎಲ್ಲಾರ ಸಲುವಾಗಿ ಅಣ್ಣಾ. ಹತ್ತೊಂಬತ್ತು ಮಂದಿಗೆ ಇಲ್ಲಿ ಕಾಲು ಚಾಚಾಕ ಜಾಗಾ ಎಲ್ಲೈತಿ? ನಿನ್ನ ಹೆಸರಿಲೇನ ಖರೀದಿ ಮಾಡೂಣು. ಒಮ್ಮೆ ಬಂದು ನೋಡು, ಮನಸಿಗೆ ಬರಲಿಲ್ಲಂದ್ರ ಬ್ಯಾಡ.”

“ನೋಡ್ತೇನಿ. ನೋಡಿ ಬ್ಯಾಡ ಅಂತೇನಿ,” ಎಂದು ಗುರಲಿಂಗಪ್ಪ ತಲೆಗೆ ಪಟಗ ಸುತ್ತಿದ.

ನೋಡಲು ಹೊರಟರೆ ಮುರ್ತುಜಾಸಾಬ ಬೇಕೇಬೇಕು. ಪಕ್ಕದ ಮನೆಯ ಆತ ದನದ ಸಂತೆಯ ದಲ್ಲಾಳಿ. ಎತ್ತಿನ ಬೆನ್ನ ಮೇಲೆ ಕೈಯಿಟ್ಟು ಅದರ ವಯಸ್ಸು ಹೇಳುವವನು. ಗುರಲಿಂಗಪ್ಪ ಅವನನ್ನು ಕೇಳದೆ ಏನನ್ನೂ ಕೊಂಡವನಲ್ಲ. ರೇವಪ್ಪ ಬೆಳಿಗ್ಗೆಯೇ ಆತನನ್ನು ಕಂಡು, “ಕಾಕಾ, ಒಂದೀಟು ನನ್ನ ಕಡೆ ಮಾತಾಡು,” ಎಂದು ಬೇಡಿಕೊಂಡಿದ್ದ.

ದುಂಡು ಮನೆಯ ಮುಂದೆ ಮೂವರೂ ನಿಂತರು. ಮುರ್ತುಜಾಸಾಬ ಗೋಡೆಯನ್ನು ಎತ್ತಿನ ಹಿಣಿಲಿಗೆ ಬಡಿದಂತೆ ಎರಡು ಸಲ ತಟ್ಟಿ, “ಜಾತಿ ಚಲೋ ಐತಿ. ಬಾಯಿ ತೆಗಸಿ ಹಲ್ಲು ನೋಡಾಕ ಬರಾಂಗಿಲ್ಲ, ಅಷ್ಟ ಕೊರತಿ,” ಎಂದ.

ಗುರಲಿಂಗಪ್ಪ ಬಾಗಿಲಲ್ಲೇ ಕೊಕ್ಕೆ ಹಾಕಿದ. “ಈಶಾನ್ಯ ಮೂಲಿ ಎಲ್ಲೈತ್ರಿ? ದೇವರ ಜಗಲಿ ಎಲ್ಲಿ ಮಾಡೂದು?”

“ಮೂಲೀನ ಇಲ್ಲಲ್ರಿ,” ಎಂದರು ಪರಮಾನಂದರು ಅಭಿಮಾನದಿಂದ.

ಗುರಲಿಂಗಪ್ಪ ನಂಬಲಿಲ್ಲ. ಬಲಗೈಯನ್ನು ಗೋಡೆಗೆ ಹಚ್ಚಿ ಮೂಲೆ ಹುಡುಕುತ್ತ ನಡೆದ. ಕಣದಲ್ಲಿ ಹಂತಿ ತಿರುಗುವ ಎತ್ತಿನ ಹಾಗೆ ಮೂರು ಸುತ್ತು ಬಂದ. ನಾಲ್ಕನೆಯ ಸುತ್ತಿಗೆ ತಲೆ ತಿರುಗಿ ನಿಂತ. ಅವನ ಮುಖದಲ್ಲಿ ಸಿಟ್ಟು ಹೋಗಿ ಬೇರೇನೋ ಬಂದಿತ್ತು.

“ಖರೇನ ಇಲ್ಲಲೇ!” ಎಂದ.

“ಮೂಲಿ ಇಲ್ಲಂದ ಮ್ಯಾಲೆ ಮೂಲಿ ದೋಷ ಎಲ್ಲಿಂದ ಬರಬೇಕ ಗುರಲಿಂಗಪ್ಪಣ್ಣಾ?” ಎಂದು ಮುರ್ತುಜಾಸಾಬ ಸರಿಯಾದ ಹೊತ್ತಿಗೆ ಬಾಯಿ ಹಾಕಿದ. “ಸೊಸ್ಯಾರು ಸಿಟ್ಟಾಗಿ ಹೋಗಿ ಕೂಡಾಕೂ ಜಾಗಾ ಇಲ್ಲ.”

ಮುಂದಿನದು ಪಾಯಖಾನೆ. ಉಣ್ಣುವ ಮನೆಯೊಳಗೆ ಅಂಥದ್ದೇ ಎಂದು ಗುರಲಿಂಗಪ್ಪ ಪಟಗದ ಸೆರಗಿನಿಂದ ಮೂಗು ಮುಚ್ಚಿಕೊಂಡ. ನೇತಾಡುವ ಸರಪಳಿ ಕಂಡು ಇದೇನೆಂದು ಎಳೆದ. ಮೇಲಿನಿಂದ ನೀರು ಭೋರ್ಗರೆದು ನುಗ್ಗಿದ ಸದ್ದಿಗೆ, “ಕೆರಿ ಒಡೀತೋ!” ಎಂದು ಕೂಗಿ ಅಂಗಳಕ್ಕೆ ಓಡಿದ. ಅಂಗಳದಲ್ಲಿ ನೀರಿರಲಿಲ್ಲ. ಮೆಲ್ಲಗೆ ತಿರುಗಿ ಬಂದು ಬಗ್ಗಿ ನೋಡಿ, ಟಾಕಿ ತುಂಬುವ ತನಕ ಕಾದು ಮತ್ತೊಮ್ಮೆ ಎಳೆದ. ಮೂರನೆಯ ಸಲ ಎಳೆಯುವಾಗ ಮೂಗಿನ ಮೇಲಿನ ಬಟ್ಟೆ ತಾನಾಗಿ ಜಾರಿತ್ತು. ಮಳೆಯ ಕೋಣೆಯಲ್ಲಿ ಅವನು ಎರಡೂ ಕೈ ಮುಂದೆ ಚಾಚಿ, ತೀರ್ಥ ಹಿಡಿದ ಹಾಗೆ ನೀರು ಹಿಡಿದು ಕಣ್ಣಿಗೆ ಒತ್ತಿಕೊಂಡ.

ಅಡಿಗೆಮನೆಗೆ ಬಂದರು. ಒಲೆ ನೆಲದ ಮೇಲಿರಲಿಲ್ಲ, ಸೊಂಟದೆತ್ತರದ ಕಟ್ಟೆಯ ಮೇಲಿತ್ತು. ಹೊಗೆ ಹೋಗಲು ಮೇಲೆ ಕೊಳವೆ.

“ಇಲ್ಲಿ ನಿಂತ ಅಡಗಿ ಮಾಡೂದ್ರಿ. ಕೂಡೂದು ಏಳೂದು ಇಲ್ಲ,” ಎಂದರು ಪರಮಾನಂದರು.

ಗುರಲಿಂಗಪ್ಪ ಆ ಕಟ್ಟೆಯನ್ನು ಬಹಳ ಹೊತ್ತು ನೋಡಿದ. “ಆಕೀ ಮೊಳಕಾಲು ಹಿಡದು ಆರು ವರ್ಷಾತು,” ಎಂದ ತನ್ನಷ್ಟಕ್ಕೆ. “ಒಲಿ ಮುಂದಿಂದ ಏಳೂಮುಂದ ಗ್ವಾಡಿ ಹಿಡಕೊಂಡ ಏಳ್ತಾಳ.” ಅವನು ಹೇಳಿದ್ದು ತನ್ನ ಹೆಂಡತಿ, ಸೌಟಿನ ಒಡತಿ ಸಿದ್ದವ್ವನ ಬಗ್ಗೆ. ರೇವಪ್ಪನಿಗೆ ಒಂದು ಕ್ಷಣ ನಾಚಿಕೆಯಾಯಿತು, ಆದರೆ ಸಂಜೆಯ ಬಸ್ಸು ನೆನಪಾಗಿ ಆ ನಾಚಿಕೆ ಬೇಗ ಇಳಿಯಿತು.

ದಣಿದ ಗುರಲಿಂಗಪ್ಪ ನಡುಮನೆಯ ಆ ತುದಿಯಲ್ಲಿ, ಗೋಡೆಗೆ ಒರಗಿ ನೆಲದ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚತೊಡಗಿದ. ರೇವಪ್ಪ ಮುರ್ತುಜಾಸಾಬನ ರಟ್ಟೆ ಹಿಡಿದು ಈ ತುದಿಗೆ ಎಳೆದುಕೊಂಡು ಬಂದ. ನಡುವೆ ಮೂವತ್ತು ಮೊಳ ಅಂತರ. ಆದರೂ ಎಚ್ಚರಿಕೆಯಿಂದ ಗೋಡೆಯ ಕಡೆ ಮುಖ ತಿರುಗಿಸಿ ಪಿಸುಗುಟ್ಟಿದ.

“ಕಾಕಾ, ಗೆದ್ದಂಗ ಆತು! ಒಮ್ಮೆ ಹ್ಞೂಂ ಅನ್ಲಿ. ಕಾವಲಿಗೆ ಅಂತ ನೆವಾ ಮಾಡಿ ನಾನು ಚನ್ನವ್ವ ಇಬ್ಬರ ಬಂದು ಇರ್ತೇವಿ. ಆ ಹಳೇ ಮನಿ, ಆ ಹೊಗಿ, ಆ ಎಂಟು ದನಾ ಎಲ್ಲಾ ಅಣ್ಣಗ ಇರ್ಲಿ.”

ಆ ತುದಿಯಲ್ಲಿ ಸುಣ್ಣ ಹಚ್ಚುತ್ತಿದ್ದ ಬೆರಳು ನಿಂತಿತು. ಗುರಲಿಂಗಪ್ಪ ತಲೆಯೆತ್ತಿ ಗೋಡೆಯನ್ನು ನೋಡಿದ, ಗುಮ್ಮಟವನ್ನು ನೋಡಿದ, ಮತ್ತೆ ಗೋಡೆಗೆ ಕಿವಿ ಹಚ್ಚಿ ಸ್ವಲ್ಪ ಹೊತ್ತು ಹಾಗೇ ಕುಳಿತ. ಮುಖದಲ್ಲಿ ಈ ಮನೆಯ ಯಾವ ಸೋಜಿಗಕ್ಕೂ ಬಾರದ ಬೆರಗಿತ್ತು. ಆಮೇಲೆ ಎಲೆ ಮಡಿಚಿ ಬಾಯಲ್ಲಿಟ್ಟುಕೊಂಡು ಎದ್ದು ಬಂದ.

“ಹ್ಞೂಂ. ತಗೊಳ್ಳೂಣು.”

ರೇವಪ್ಪ ಅಣ್ಣನ ಕಾಲು ಹಿಡಿದ. ಪರಮಾನಂದರು ಕೀಲಿಕೈ ಗೊಂಚಲನ್ನು ಗುರಲಿಂಗಪ್ಪನ ಅಂಗೈಯಲ್ಲಿಟ್ಟರು.

“ನಾಳಿಯಿಂದ ಆಷಾಢ. ಆಷಾಢದಾಗ ಹೊಸಾ ಮನಿ ಹೊಗಬಾರದು,” ಎಂದ ಗುರಲಿಂಗಪ್ಪ. “ಇವತ್ತ ಮಣ್ಣೆತ್ತಿನ ಹಬ್ಬ, ಚಲೋ ದಿನ, ಹಾಲು ಉಕ್ಕಿಸಿಬಿಡೂಣು. ಗಾಡಿ ಹೂಡ್ರಿ.”

ನಾಲ್ಕು ಗಾಡಿ ಸಾಮಾನು ಹೋಯಿತು. ಹಾಸಿಗೆ, ಹಂಡೆ, ಬೀಸುವ ಕಲ್ಲು, ಮಣ್ಣೆತ್ತು, ಹದಿನೇಳು ಮಂದಿ. ಮುದುಕರು ಮಕ್ಕಳೆಲ್ಲ ಮೆರವಣಿಗೆಯ ಹಾಗೆ ಸಾಲೋಟಗಿ ರಸ್ತೆ ಹಿಡಿದರು. ಕಾವಲಿನ ನೆವ ಹೇಳಲು ರೇವಪ್ಪನಿಗೆ ಒಂದು ಸಂದೂ ಸಿಗಲಿಲ್ಲ. ಕೊನೆಯ ಗಾಡಿಯೊಳಗೆ ತನ್ನ ಟ್ರಂಕು ಎತ್ತಿಡಲು ಹೋದಾಗ ಅಣ್ಣ ಅದನ್ನು ತೆಗೆದು ಕೆಳಗಿಟ್ಟ.

“ನೀನು ಚನ್ನವ್ವ ಇಲ್ಲೇ ಇರ್ರಿ.”

“ಯಾಕಣ್ಣಾ?”

“ಇಬ್ಬರ ಬ್ಯಾರೆ ಇರಬೇಕಂತಲ್ಲ ನಿಮಗ? ಹೊಸಾ ಮನಿಗೆ ಕಾವಲು ಬ್ಯಾಡ, ಮಂದಿ ತುಂಬೇತಿ. ದನಕ್ಕ ಬೇಕು. ಆ ದುಂಡು ಮನ್ಯಾಗ ಅವನ್ನ ಕಟ್ಟಾಕ ಬರಾಂಗಿಲ್ಲ. ಎತ್ತು ಬಿಟ್ಟು ನಾ ಎಂದೂ ಮಲಗಿದಾಂವಲ್ಲ, ಈ ಮನಿ ಸಲುವಾಗಿ ಮಲಗ್ತೇನಿ.”

ರೇವಪ್ಪ ಗಾಡಿಯ ಅಂಚು ಹಿಡಿದುಕೊಂಡ. “ಯಾರ... ಯಾರ ಹೇಳಿದ್ರು ನಿನಗ?”

“ಗ್ವಾಡಿ ಹೇಳ್ತು,” ಎಂದ ಗುರಲಿಂಗಪ್ಪ ಗಾಡಿ ಹತ್ತುತ್ತ. “ಬಿಜಾಪುರದ ಗೋಲಗುಮ್ಮಟಕ್ಕ ಹೋಗಿ ಒಂದ ಕಡೆ ಪಿಸುಗುಟ್ಟಿ ಇನ್ನೊಂದ ಕಡೆ ಕೇಳಿ ಬಂದೀವಲ್ಲೋ, ಮರತಿಯೇನು? ಎಂಥಾ ಮನಿ ಕೊಂಡಿ ತಮ್ಮಾ! ಕೊಟ್ಟ ರೊಕ್ಕಕ್ಕ ಬರೋಬ್ಬರಿ ಆತು ನೋಡು.” ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ಬರೀ ಮೆಚ್ಚುಗೆಯಿತ್ತು. ಅದೇ ರೇವಪ್ಪನನ್ನು ಹೆಚ್ಚು ನೋಯಿಸಿತು.

ಗಾಡಿಯಲ್ಲಿದ್ದ ಸಿದ್ದವ್ವ ಬಗ್ಗಿ ಅವನ ಕೈಗೆ ಸೌಟು ಕೊಟ್ಟಳು. “ಹೊಸಾ ಒಲಿಗೆ ಹೊಸಾ ಸೌಟು ತಗೋತೇನಿ. ಇದನ್ನ ಚನ್ನವ್ವಗ ಕೊಡಪಾ.”

ಸಂಜೆಯ ಬಸ್ಸಿಗೆ ಚನ್ನವ್ವ ಬಂದಳು. ಖಾಲಿ ಮನೆ, ಎಂಟು ದನ, ಸೌಟು ಹಿಡಿದು ನಿಂತ ಗಂಡ. ರೇವಪ್ಪ ತಡವರಿಸುತ್ತ ನಡೆದದ್ದನ್ನೆಲ್ಲ ಹೇಳಿ, ಇನ್ನು ಬೈಗುಳ ಬೀಳುತ್ತದೆಂದು ತಲೆ ತಗ್ಗಿಸಿದ. ಚನ್ನವ್ವ ಬೈಯಲಿಲ್ಲ. ಸೌಟನ್ನು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

“ಅಂದ್ರ ಈ ಇಡೀ ಅಡಗಿಮನಿ ನಂದ?”

“ನಿಂದ.”

ಅವಳು ನಕ್ಕ ನಗೆಗೆ ರೇವಪ್ಪನ ಐದು ದಿನದ ಸಂಕಟವೆಲ್ಲ ಇಳಿದುಹೋಯಿತು. ಮಳೆಯ ಕೋಣೆ ಹೋದರೆ ಹೋಯಿತು, ಹೆಂಡತಿ ಬಂದಳಲ್ಲ ಎಂದುಕೊಂಡ. ಚನ್ನವ್ವ ಕೂಡಲೆ ಸೆರಗು ಸಿಕ್ಕಿಸಿ ಒಲೆ ಹೊತ್ತಿಸಿದಳು, ಗಡಿಗೆಯಲ್ಲಿ ಜೋಳದ ನುಚ್ಚಿಗೆ ಎಸರಿಟ್ಟಳು, ನುಚ್ಚು ಹಾಕಿ ಮನಸ್ಸು ತುಂಬ ಕೈಯಾಡಿಸಿದಳು. ಆಮೇಲೆ ಕೈ ತೊಳೆದುಕೊಂಡು, “ಒಂದ ಸಲ ಆ ಮನಿ ಹ್ಯಾಂಗೈತಿ ನೋಡಿ ಬರ್ತೇನ್ರಿ. ಈಗ ಹೋಗಿ ಈಗ ಬಂದೆ. ತಳ ಹತ್ತದಂಗ ನೋಡ್ಕೋರಿ,” ಎಂದು ಹೊರಟಳು.

ದೀಪ ಹಚ್ಚುವ ಹೊತ್ತಾದರೂ ಅವಳು ಬರಲಿಲ್ಲ. ಬಂದವನು ಮುರ್ತುಜಾಸಾಬ. ಅವನ ತಲೆಗೂದಲು ಒದ್ದೆಯಾಗಿತ್ತು.

“ರೇವಪ್ಪಾ, ಚನ್ನವ್ವ ಹೇಳಿ ಕಳಿಸ್ಯಾಳ. ಆ ಮಳಿ ಖೋಲ್ಯಾಗ ಎರಡು ಸಲ ಜಳಕಾ ಮಾಡಿದ್ಲಂತ. ಈಗ ಸಿದ್ದವ್ವನ ಬಾಜೂಕ ಕಟ್ಟಿ ಮುಂದ ನಿಂತು ರೊಟ್ಟಿ ಬಡ್ಯಾಕತ್ತಾಳ. ಇಲ್ಲಿ ಹೊಸಾ ಸೌಟು ಅಕ್ಕನ ಕಡೇನ ಇರ್ಲಿ, ನಾ ಇನ್ನ ಇಲ್ಲೇ ಇರ್ತೇನಿ ಅಂದ್ಲಪಾ.”

“ನಾನು?”

“ನಾನೂ ಅದನ್ನ ಕೇಳಿದೆ. ಎಂಟು ದನಾ ಉಪಾಸ ಕೆಡವಾಕ ಬರ್ತದೇನು ಅಂದ್ಲು.” ಮುರ್ತುಜಾಸಾಬ ಬಾಗಿಲಿನಿಂದಲೇ ತಿರುಗಿದ. “ಬರ್ತೇನಿ ತಮ್ಮಾ. ನಮ್ಮ ಮನ್ಯಾಕಿ ಗೌಸಬೀನೂ ನೋಡಬೇಕಂತಾಳ, ಕರಕೊಂಡು ಹೊಂಟೇನಿ.”

ಒಲೆಯ ಮೇಲೆ ನುಚ್ಚು ತಳ ಹತ್ತಿದ ವಾಸನೆ ಬಂತು. ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ರೇವಪ್ಪ ಒಳಗೆ ಹೋಗಿ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತ. ಸೌಟನ್ನು ಧೋತರದ ಚುಂಗಿನಿಂದ ಒರೆಸಿ, ಗಡಿಗೆಯಲ್ಲಿ ಹಾಕಿ, ಕೈಯಾಡಿಸತೊಡಗಿದ.