ದೀಪಾವಳಿಯ ತಟ್ಟೆಯಲ್ಲಿ ಬ್ರಷ್ಷು

ಹಲ್ಲುಜ್ಜುವ ಬ್ರಷ್ಷು ಕೊಳ್ಳುವುದರಲ್ಲಿ ನನ್ನಷ್ಟು ಜಾಗರೂಕ ಮನುಷ್ಯ ಇಡೀ ನಾಗಮಂಗಲದಲ್ಲಿ ಇರಲಿಲ್ಲ. ಶೆಟ್ಟರ ಅಂಗಡಿಯಲ್ಲಿ ಇದ್ದಬದ್ದದ್ದನ್ನೆಲ್ಲ ಹರಡಿಸಿ, ಹೆಬ್ಬೆರಳಲ್ಲಿ ಒತ್ತಿ ಒತ್ತಿ ನೋಡುತ್ತಿದ್ದೆ. ಹೆಣ್ಣು ನೋಡಲು ಹೋದಾಗಲೂ ಅಷ್ಟು ಯೋಚಿಸಿರಲಿಲ್ಲ ಎಂದು ನನ್ನ ಹೆಂಡತಿ ಸುಮಾಳ ದೂರು. ಹಾಗೆ ಆರಿಸಿದ್ದನ್ನು ಬಿಸಾಡಲು ಮಾತ್ರ ನನಗೆ ಮನಸ್ಸೇ ಬಾರದು. ಎಳೆಗಳೆಲ್ಲ ದಿಕ್ಕಿಗೊಂದಾಗಿ ಮಲಗಿದರೂ 'ಇನ್ನೂ ನಡೆಯುತ್ತೆ' ಎನ್ನುತ್ತಿದ್ದೆ. ಹೈಸ್ಕೂಲಿನ ಮಕ್ಕಳಿಗೆ ಹಲ್ಲಿನ ಆರೋಗ್ಯದ ಪಾಠ ಮಾಡುತ್ತಿದ್ದವನೂ ನಾನೇ. ನಾಚಿಕೆಯಾಗಬೇಕಿತ್ತು. ಆದದ್ದು ಮಾತ್ರ ಮದುವೆಯಾದ ವರ್ಷದ ದೀಪಾವಳಿಗೆ, ಸಂತೆಬಾಚಹಳ್ಳಿ ಕಡೆಯ ಮಾವನ ಮನೆಯಲ್ಲಿ.

ಹೊಸ ಅಳಿಯನೆಂದರೆ ಗೊತ್ತಲ್ಲ, ನಿಂತರೆ ಕುರ್ಚಿ, ಕೂತರೆ ಕಾಫಿ. ಹಬ್ಬದ ಬೆಳಿಗ್ಗೆ ಹೆಗಲಿಗೆ ಟವೆಲ್ಲು ಹಾಕಿಕೊಂಡು ಬಚ್ಚಲಿಗೆ ಹೋದರೆ ಕಿಟಕಿಯಲ್ಲಿಟ್ಟಿದ್ದ ಬ್ರಷ್ಷು ಇಲ್ಲ. ಹಿತ್ತಿಲಲ್ಲಿ ಅತ್ತೆ ಡೈರಿಗೆ ಹಾಲು ಹಾಕುವ ಕ್ಯಾನು ತಿಕ್ಕುತ್ತಿದ್ದರು. ಅದರ ಮುಚ್ಚಳದ ಸಂದಿಯಲ್ಲಿ ಓಡಾಡುತ್ತಿದ್ದುದು ನನ್ನ ಹಸಿರು ಬ್ರಷ್ಷು. ನಾನು ತೆಪ್ಪಗೆ ಒಲೆಯ ಬೂದಿ ತೆಗೆದುಕೊಂಡು ಬೆರಳಲ್ಲೇ ಉಜ್ಜತೊಡಗಿದೆ. ಹೇಗೋ ಮಾನ ಉಳಿಯುತ್ತಿತ್ತು. ಅಷ್ಟರಲ್ಲಿ ಸುಮಾ ಬಂದು, "ಅವ್ವಾ, ಅದು ಇವ್ರ ಬ್ರಷ್ಷು ಕಣವ್ವ" ಅಂದುಬಿಟ್ಟಳು.

ಅತ್ತೆಯ ಕೈ ನಿಂತಿತು. ನನ್ನ ಕಡೆ ನೋಡಲಾರದೆ ಮಗಳಿಗೇ ಹೇಳಿದರು: "ಅಯ್ಯೋ ಶಿವನೆ, ಸೈಕಲ್ ಚೈನ್ ಉಜ್ಜಿ ಬಿಸಾಕವ್ರೆ ಅಂದ್ಕಂಡೆ ಕಣೇ. ಇಂಥದ್ರಲ್ಲಾ ಅವ್ರು ಹಲ್ಲುಜ್ಜಾದು?"

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಾಯಲ್ಲಿ ಬೂದಿ ಇದ್ದದ್ದರಿಂದ ಉತ್ತರ ಕೊಡುವ ಕಷ್ಟ ತಪ್ಪಿತು.

ತಿಂಡಿಯ ಹೊತ್ತಿಗೆ ಮಾವ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದರು, "ಸಂಬ್ಳ ತಿಂಗ್ತಿಂಗ್ಳಾ ಕೊಡ್ತಾವ್ರಾ ಅಳಿಯಂದ್ರೆ? ನಮ್ತಾವ ಮುಚ್ಚಿಡ್ಬ್ಯಾಡಿ."

ಕೊಡ್ತಾರೆ ಅಂದೆ. ಅವರು ನಂಬಲಿಲ್ಲ. ಮಗಳನ್ನು ಎಂಥವನಿಗೆ ಕೊಟ್ಟುಬಿಟ್ಟೆ ಎಂಬ ಚಿಂತೆ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು. ಬಡವನಲ್ಲ, ಬರೀ ಜುಗ್ಗ ಎಂದು ಹೇಳಿ ಸಮಾಧಾನ ಮಾಡುವುದಾದರೂ ಹೇಗೆ?

ಮಧ್ಯಾಹ್ನ ನೆಂಟರು ತುಂಬಿದ ನಡುಮನೆಗೆ ಅಳಿಯನ ಉಡುಗೊರೆ ಬಂತು. ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಪಂಚೆ, ಶಲ್ಯ. ಎಲ್ಲದರ ಮೇಲೆ, ಮಾವ ಕೆ.ಆರ್. ಪೇಟೆಗೆ ಹೋಗಿ ತಂದ ಹೊಸ ಬ್ರಷ್ಷು. ಅತ್ತೆ ಅದಕ್ಕೂ ಅರಿಸಿನ ಕುಂಕುಮ ಇಟ್ಟಿದ್ದರು. ತಲೆ ಎತ್ತದೆ ಈಸಿಕೊಂಡೆ.

ಹಿಂದೆ ಕೂತಿದ್ದ ಮುದುಕಿಯೊಬ್ಬರು ಪಕ್ಕದವರಿಗೆ ಹೇಳುತ್ತಿದ್ದರು: "ನೋಡವ್ವ, ಇದ್ನೂ ಬುಡ್ದಂಗೆ ಕೇಳಿ ಈಸ್ಕತಾವ್ನೆ."

ವರದಕ್ಷಿಣೆಯ ಒಂದು ಕಾಸೂ ಮುಟ್ಟದೆ ಮದುವೆಯಾದವನು ನಾನು. ಆ ಊರಲ್ಲಿ ಇವತ್ತಿಗೂ ನನ್ನ ಗುರುತು, ಬ್ರಷ್ಷು ಕೇಳಿದ ಅಳಿಯ.